ಒಳಗೆ ಭತ್ತ ಮೊಳೆತ ದೋಣಿ

ಅಬ್ಬಾ,

ಸಲಾಮು. ಉಂಡ ಕೂಡಲೇ ಇದನ್ನು ಓದಬೇಡ. ಅಲ್ಲಿ ನಿನಗೆ ಊಟ ಇದೆಯೋ ಇಲ್ಲವೋ ನನಗೇನು ಗೊತ್ತು. ನನಗಂತೂ ಎಷ್ಟೋ ದಿನ ಅನ್ನ ಸೇರಲಿಲ್ಲ. ಎಷ್ಟು ಸೋಪು ಹಾಕಿ ತಿಕ್ಕಿದರೂ ಕೈ ನಾರುತ್ತಿತ್ತು. ಎಲ್ಲ ನಿನ್ನ ದೋಣಿಯ ಕೃಪೆ.

ನೆನಪಿದೆಯಾ, ಬಂಗಾಳದಿಂದ ಬಂದು ಆರ್.ಎಚ್. ಕ್ಯಾಂಪಿನಲ್ಲಿ ನೆಲೆಸಿದ ನಿಮಾಯಿ ಕಾಕಾ ಮುಕ್ಕುಂದದ ಹೊಳೆದಂಡೆಯಲ್ಲಿ ಹಾಯಿದೋಣಿ ಕಟ್ಟುತ್ತೇನೆ ಎಂದಾಗ ಎಲ್ಲರೂ ನಕ್ಕಿದ್ದರು? ಹರಿಗೋಲು ಬಿಟ್ಟು ಬೇರೇನೂ ಕಾಣದ ಜನ ನಾವು. ನೀನೊಬ್ಬನೇ ನಗಲಿಲ್ಲ. "ಹೊರಗಿಂದು ನಿಂದು, ಒಳಗಿಂದು ನಂದು" ಎಂದು ಉಳಿ, ಕೊಡತಿ ಹಿಡಿದು ಹೊರಟೆ. ಒಳಗೊಂದು ಪುಟ್ಟ ಕೋಣೆ, ಎದುರುಬದುರು ಎರಡು ಬೆಂಚು, ಗೋಡೆಗೆಲ್ಲ ತೇಗದ ಹಲಗೆ. ನೀನು ತೀರಿಹೋದಮೇಲೂ ಕಾಕಾ ದಿನಾ ಸಂಜೆ ನಿನ್ನ ಬೆಂಚಿನ ಎದುರು ಕೂತು ಬರುತ್ತಿದ್ದರು. ಯಾರ ಜೊತೆ ಮಾತಾಡುತ್ತಿದ್ದರು ಅಂತ ನಿನಗೆ ಹೇಳಬೇಕೇ?

ಈ ಮಳೆಗಾಲ ಡ್ಯಾಮಿನ ನೀರು ಬಿಟ್ಟಾಗ ಹೊಳೆ ದೋಣಿಯೊಳಕ್ಕೇ ನುಗ್ಗಿತು. ನೀರು ಇಳಿದಾಗ ಕೋಣೆಯಲ್ಲಿ ಮೊಣಕಾಲುದ್ದ ರಾಡಿ. ಅದನ್ನು ಎತ್ತಿಹಾಕಿದ ಮೇಲೆ ನಿನ್ನ ಮುದ್ದಿನ ಮಗ ರಫೀಕ್ ಬುದ್ಧಿ ಓಡಿಸಿದ. "ಕಾಕಾ, ಕಣದ ಹೊಟ್ಟು ತುಂಬೂನ್ರೀ. ನೀರೆಲ್ಲ ಅದೇ ಕುಡೀತದ." ಭತ್ತ ಬೆಳೆಯುವವರಿಗೆ ಯಾವ ರೋಗಕ್ಕೂ ಹೊಟ್ಟೇ ಔಷಧ. ಕಾಕಾ ಟ್ರ್ಯಾಕ್ಟರ್‌ನಲ್ಲಿ ಹೇರಿಸಿ ತಂದರು. ಒತ್ತಿ ಒತ್ತಿ ತುಂಬಿ, ಮಳೆ ಬೀಳದಂತೆ ಬಾಗಿಲನ್ನೂ ಹಾಕಿಬಿಟ್ಟರು. ಗಾಳಿಯಿಲ್ಲದೆ ಒಣಗುವುದಾದರೂ ಹೇಗೆ... ಎಲ್ಲ ಕೆಟ್ಟ ಮೇಲೆ ನನಗೆ ಹೇಳಿಕಳಿಸಿದರು.

ಬಾಗಿಲು ತೆರೆದರೆ ಒಳಗೆ ಸಸಿಮಡಿ! ಹೊಟ್ಟಿನಲ್ಲಿ ಉಳಿದಿದ್ದ ಕಾಳೆಲ್ಲ ಬಿಳಿಚಿಕೊಂಡು ಮೊಳೆತಿದ್ದವು. ಕೆಳಗಿನ ಹೊಟ್ಟು ಕೊಳೆತು ಹಬೆಯಾಡುತ್ತಿತ್ತು, ಅದರ ತುಂಬ ಹುಳ. ದಂಡೆಗೆ ಓಡಿ ವಾಂತಿ ಮಾಡಿಕೊಂಡೆ.

"ಆಪಾ, ಬೆಳಿ ಚಲೋ ಬಂದದ ನೋಡು" ಎಂದ ರಫೀಕ್. ಸಲಿಕೆ ಅವನ ಕೈಗೇ ಕೊಟ್ಟೆ.

ಹೆಣ್ಣುಮಕ್ಕಳನ್ನೆಲ್ಲ ‘ಮಾ’ ಎನ್ನುವ ಕಾಕಾ ಅವತ್ತು ನನ್ನ ಮುಖ ನೋಡಲಿಲ್ಲ. "ಏನ್ ಬೇಕಾದ್ರೂ ಬದಲು ಮಾಡು ಮಾ. ನಿಮ್ಮ ಅಬ್ಬಾನ ಕೆಲಸ ಮಾತ್ರ ಉಳಿಸು. ಅದು ಹೋತಂದ್ರ ನನಗ ಈ ದೋಣಿನೇ ಬ್ಯಾಡ, ಒಡದು ಒಲಿಗಿ ಹಾಕ್ತೀನಿ" ಎಂದರು. ಉಳಿಸುತ್ತೇನೆ ಎಂದೆ.

ನನಗೆ ಕೆಲಸ ಕಲಿಸುವಾಗ "ಕಾಣದ ಕಡಿಗೇ ಚಲೋ ಕಟ್ಟಿಗಿ ಹಾಕಬೇಕು" ಎಂದು ತಲೆಗೆ ಮೊಟಕುತ್ತಿದ್ದವನು ನೀನೇ ತಾನೇ? ತೇಗದ ಹಲಗೆ ಬಿಚ್ಚಿದೆ. ಹಿಂದೆ ಏನಿತ್ತು ಗೊತ್ತಾ? ಗೊತ್ತಿಲ್ಲದೆ ಏನು! ಸೇಬಿನ ಪೆಟ್ಟಿಗೆಯ ಕಟ್ಟಿಗೆ. ನೆನೆದ ರೊಟ್ಟಿಯ ಹಾಗೆ ಮುಟ್ಟಿದಲ್ಲೆಲ್ಲ ಕಿತ್ತು ಬಂತು. ಅದರ ಕೊಳೆತ ಮುಂದಿನ ತೇಗಕ್ಕೂ, ಬೆಂಚಿಗೂ ಹತ್ತಿತ್ತು. ಆ ಹುಳಗಳನ್ನು ಕಂಡಾಗಲೂ ನನಗೆ ಅಷ್ಟು ಹೇಸಿಗೆಯಾಗಿರಲಿಲ್ಲ. ಗೆಳೆಯನ ದೋಣಿಗೂ ಹೀಗಾ, ಅಬ್ಬಾ? ಕಟ್ಟಿಗೆ ಸಿಗಲಿಲ್ಲವಾ, ಅವಸರವಿತ್ತಾ, ಅಥವಾ...

ಕಾಕಾ ಮಸ್ಕಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಎಲ್ಲವನ್ನೂ ಕಿತ್ತು ಸುಟ್ಟೆ. ಕಿಟಕಿ, ಬಾಗಿಲು ತೆಗೆದಿಟ್ಟು, ಬಿಸಿಲು ಬೀಳದಂತೆ ಗೋಣಿತಟ್ಟು ಕಟ್ಟಿ, ದೋಣಿಯ ಒಡಲು ನಿಧಾನಕ್ಕೆ ಒಣಗುವವರೆಗೆ ಕಾದೆ. ಕಾಕಾ ತಿರುಗಿ ಬಂದಮೇಲೂ ಕೆಲಸ ಮುಗಿಯುವತನಕ ಅವರನ್ನು ಒಳಗೆ ಬಿಡಲಿಲ್ಲ. ಲಿಂಗಸುಗೂರಿನಲ್ಲಿ ಕೆಡವುತ್ತಿದ್ದ ಹಳೆಯ ಅಂಗಡಿಯ ತೇಗದ ಬಾಗಿಲು ತಂದು, ನಿನ್ನ ಅಳತೆಗೆ, ನಿನ್ನ ನಮೂನೆಯಲ್ಲೇ ಹೊಸದಾಗಿ ಕಟ್ಟಿದೆ. ಹಿಂದೆಯೂ ತೇಗವನ್ನೇ ಹಾಕಿದೆ.

ಮೊನ್ನೆ ದೋಣಿ ನೀರಿಗಿಳಿಯಿತು. ಕಾಕಾ ಒಳಗೆ ಕೂತು ಗೋಡೆ ಸವರಿ ಮೂಸಿ ನೋಡಿದರು. "ಅವನ ಕೈ ಅಂದ್ರ ಏನಂದಿ ಮಾ. ಹೊಳಿ ಬಂದು ಹೋದ್ರೂ ಏನೂ ಆಗಿಲ್ಲ" ಎಂದು ಕಣ್ಣೊರೆಸಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ಆದರೂ ಹೂಂ ಅಂದೆ. ಅವರು ಇರುವತನಕ ಹೂಂ ಅನ್ನುತ್ತಲೇ ಇರುತ್ತೇನೆ, ಇದು ನನ್ನ ಮಾತು. ನಿನಗೆ ಮಾತ್ರ ಹೇಳುತ್ತಿದ್ದೇನೆ: ಆ ದೋಣಿಯಲ್ಲಿ ನಿನ್ನದು ಅನ್ನುವುದು ಈಗ ಒಂದು ಚಕ್ಕೆಯೂ ಉಳಿದಿಲ್ಲ.

ನಿನ್ನ ಮಗಳು,
ಶಮೀಮ್