ಅಸ್ಫಾಕ ಅಳಿಸಿದ ಲಗ್ನಪತ್ರಿಕೆ

೧೨ ಮೇ ೨೦೦೫, ಗುರುವಾರ, ಮೂಡಲಗಿ

ಶ್ರೀಮನ್ಮಹಾದಿನಚರಿ ಚಕ್ರವರ್ತಿಗಳ ಪಾದಾರವಿಂದಗಳಿಗೆ, ಕಂಪ್ಯೂಟರಿನಲ್ಲಿ ಅಕೌಂಟು ಕಳೆದುಕೊಂಡ ಅನಾಥ ಶುಭಮನ ಸಾಷ್ಟಾಂಗ ನಮಸ್ಕಾರ.

ಅಸ್ಫಾಕನ ಮುಖ ನೆನೆದರೆ ಈಗಲೂ ಮೈ ಉರಿಯುತ್ತದೆ. ನಾವಿಬ್ಬರೂ ಕೆಲಸ ಮಾಡುವ ಡಿ.ಟಿ.ಪಿ. ಅಂಗಡಿಯ ಕಂಪ್ಯೂಟರಿನಲ್ಲಿ ಅವನ ಅಕೌಂಟಿನ ಹೆಸರಿನ ಪಕ್ಕ ನಾನು ಕತ್ತೆಯ ಚಿತ್ರ ಹಾಕಿದ್ದು ನಿಜ. ಅಷ್ಟಕ್ಕೇ ನನ್ನ ಅಕೌಂಟನ್ನೇ ಅಳಿಸುವುದೇ? ಫೈಲುಗಳನ್ನಾದರೂ ಉಳಿಸಲೇ ಎಂದು ಕಂಪ್ಯೂಟರು ಕೇಳಿದರೂ ಪಾಪಿ ಬೇಡವೆಂದು ಒತ್ತಿದ್ದಾನೆ.

ಮಧ್ಯಾಹ್ನ ಗಿರಾಕಿ ಕಲ್ಲೋಳಿಯವರು ನನಗೆ ಟೈಪು ಮಾಡಲು ಕೊಟ್ಟಿದ್ದ ತಮ್ಮ ಲಗ್ನಪತ್ರಿಕೆ ನೋಡಲು ಬಂದು ಕುಳಿತರು.

"ನನ್ನ ಅಕೌಂಟಿನ್ಯಾಗ ಇತ್ರಿ ಕಾಕಾ, ಇಂವಾ ಅಳಿಸ್ಯಾನ," ಎಂದು ಅಂಗಡಿ ಮಾಲೀಕ ಭರತೇಶ ಕಾಕಾರಿಗೆ ಹೇಳಿದೆ.

ಕಾಕಾ ಅಸ್ಫಾಕನ ಮೇಲೆ ಹರಿಹಾಯ್ದರು: "ನಾಳೆ ಮುಂಜಾನಿ ಒಳಗ ಆ ಫೈಲ್ ಸಿಗಲಿಲ್ಲಂದ್ರ ಅಂಗಡಿ ಮೆಟ್ಟಲಾ ಹತ್ತಬ್ಯಾಡ!"

ಅಳಿದ ಫೈಲು ಹುಡುಕುವ ಸಿ.ಡಿ. ಹಾಕಿಕೊಂಡು ಅವನು ಸಂಜೆಯವರೆಗೂ ಕುಳಿತ. ನನ್ನ ಹಳೆಯ ಪತ್ರಿಕೆಗಳೆಲ್ಲ ಒಂದೊಂದಾಗಿ ಎದ್ದು ಬಂದವು. ಕಲ್ಲೋಳಿಯವರದು ಮಾತ್ರ ಬರಲಿಲ್ಲ.

"ಲೇ ಶುಭ್ಯಾ, ಯಾವ ಹೆಸರಲೆ ಇಟ್ಟಿದ್ದಿ, ಅಷ್ಟರ ಹೇಳೋ."

"ಅಳಿಸುವಾಗ ನನ್ನ ಕೇಳಿದ್ದೇನಲೇ? ಹುಡುಕು!"

ನಾನು ಹೊರಡುವಾಗಲೂ ಅವನು ಊಟ ಬಿಟ್ಟು ಹುಡುಕುತ್ತಲೇ ಇದ್ದ. ಹುಡುಕಲಿ. ಕೆಲಸ ಹೋದರೆ ಹೋಗಲಿ, ಬುದ್ಧಿಯಾದರೂ ಬರುತ್ತದೆ.

ಚಕ್ರವರ್ತಿಗಳೇ, ನಿಮಗೊಬ್ಬರಿಗೇ ಅರಿಕೆ: ಆ ಪತ್ರಿಕೆಯ ಒಂದು ಸಾಲನ್ನೂ ನಾನಿನ್ನೂ ಟೈಪು ಮಾಡಿರಲಿಲ್ಲ.