ಆರು ವಾರದ ಪ್ಲಾಸ್ಟರ್

೧೩ ನವೆಂಬರ್ ೨೦೨೫, ಗುರುವಾರ

ಆಪರೇಷನ್ ಬೇಡ ಎಂದು ಇವರ ಎದುರಲ್ಲೇ ಡಾಕ್ಟರಿಗೆ ಹೇಳಿಬಿಟ್ಟೆ. ಇವರ ಮುಖ ಸಣ್ಣದಾಯಿತು.

ನಿನ್ನೆ ಸಂಜೆ ಇವರು ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದ ಸ್ಕೂಟರು ಮಗಳು ಚಂದನಳ ಮೇಲೆ ಬಿದ್ದು ಅವಳ ತೊಡೆಮೂಳೆ ಮುರಿಯಿತು. ಆಗಿನಿಂದ ಇವರದು ಒಂದೇ ಮಾತು. "ರಾಡ್ ಹಾಕಿಸ್ಬಿಡೋಣ ಕಣೆ. ನಾಳೆ ಕಾಲು ಕುಂಟಾದ್ರೆ ಮಗೂನ ಮುಖ ಹೆಂಗೆ ನೋಡ್ಲಿ?"

ದೊಡ್ಡಬಳ್ಳಾಪುರದ ಡಾಕ್ಟರು ಎಕ್ಸ್‌ರೇ ಹಿಡಿದು ತಾಳ್ಮೆಯಿಂದ ಹೇಳಿದರು. "ಹತ್ತು ವರ್ಷದವಳಾಗಿದ್ದಿದ್ರೆ ನಾನೇ ಆಪರೇಷನ್ ಅಂತಿದ್ದೆ. ನಾಲ್ಕು ವರ್ಷದ ಮೂಳೆ ಪ್ಲಾಸ್ಟರಲ್ಲೇ ಕೂಡ್ಕೊಳ್ಳುತ್ತಮ್ಮ. ಮನೇಲಿ ನೋಡ್ಕೊಳ್ಳೋದೇ ಕಷ್ಟ."

ಕಷ್ಟವೇ. ಸೊಂಟದಿಂದ ಪಾದದವರೆಗೆ ಪ್ಲಾಸ್ಟರು, ಆರು ವಾರ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಉಚ್ಚೆ ಒಳಗೆ ಇಳಿಯದಂತೆ ನೋಡಿಕೊಳ್ಳಬೇಕು. ಬಾಶೆಟ್ಟಿಹಳ್ಳಿ ಫ್ಯಾಕ್ಟರಿಗೆ ರಜೆ ಬರೆದುಕೊಟ್ಟೆ. ಕೊಡದಿದ್ದರೆ ಕೆಲಸವನ್ನೇ ಬಿಡುತ್ತೇನೆ. ನನ್ನ ಕೈಲಿ ಆಗುತ್ತದೆ, ಮಾಡಿಯೇ ಮಾಡುತ್ತೇನೆ.

ಇವರು ಮಾತ್ರ ಮನೆಗೆ ಬಂದಾಗಿನಿಂದ ಮಗುವನ್ನು ಮುಟ್ಟಲು ಹೆದರಿ ಬಾಗಿಲಲ್ಲೇ ನಿಂತಿದ್ದರು. ಒಂಬತ್ತು ಗಂಟೆಗೆ ಮಗ್ಗುಲು ಬದಲಿಸಲು ನಾನು ಎದ್ದರೆ ಚಂದನ, "ನೀನು ಬೇಡ, ಅಪ್ಪ ಎತ್ಲಿ" ಎಂದಳು. ಇವರು ಉಸಿರು ಬಿಗಿಹಿಡಿದು, ಎರಡೂ ಕೈ ಕೆಳಗೆ ಕೊಟ್ಟು ಮೆಲ್ಲಗೆ ತಿರುಗಿಸಿದರು. ಅವಳು ಅಳಲಿಲ್ಲ. ಇವರೇ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಹನ್ನೊಂದಕ್ಕೆ ನಾನು ಏಳುತ್ತೇನೆ ಎಂದೆ. "ನೀನು ಮಲ್ಕೊ, ನಾನಿದ್ದೀನಿ" ಎಂದರು. ಈಗ ಅವಳ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಕೂತಿದ್ದಾರೆ. ನನಗೆ ಕಣ್ಣು ಎಳೆಯುತ್ತಿದೆ. ಬೆಳಿಗ್ಗೆ ಎದ್ದು ಮೊದಲು…