ಎದುರು ಕೂಗು

ಅಂಗಡಿಯ ಮಹಡಿ,
ಭಾನುವಾರ, ಮಾರ್ಚ್ ೯

ಪ್ರೀತಿಯ ಅಪ್ಪನಿಗೆ ಮಗಳ ನಮಸ್ಕಾರ.

ಕಣ್ಣು ಹೇಗಿದೆ? ಪಟ್ಟಿ ಬಿಚ್ಚಿದ ದಿನವೇ ಅಕ್ಕನ ಮನೆಯ ಗೋಡೆಗಳ ಬಿರುಕು ತೋರಿಸೋಕೆ ಶುರು ಮಾಡಿದಿರಂತೆ. ಹಾಗಾದರೆ ಆಪರೇಷನ್ ಚೆನ್ನಾಗೇ ಆಗಿದೆ ಅಂದುಕೊಂಡೆ. ಹನಿ ಔಷಧಿ ಮಾತ್ರ ತಪ್ಪಿಸಬೇಡಿ, ಅಕ್ಕನ ಮೇಲೆ ರೇಗಬೇಡಿ.

ಈಗ ಸುದ್ದಿ. ನೀವು ಫೋನಿನಲ್ಲಿ "ಹರಾಜಿಗೆ ಸುಮ್ಮನೆ ಹೋಗಿ ನೋಡಿಕೊಂಡು ಬಾ" ಅಂದಿದ್ದಿರಿ. ಬರೀ ನೋಡಿಕೊಂಡು ಬರಲಿಲ್ಲ. ತೀರಿಹೋದ ಗಡಿಯಾರ ರಿಪೇರಿಯವರ ನಾಣ್ಯ ಸಂಗ್ರಹ ಅದು. ಅವರ ಹೆಂಡತಿ ಅದನ್ನು ಮಾರಿ ತಂಗಿಯ ಮನೆ ಪಕ್ಕದಲ್ಲೇ ಒಂದು ಪುಟ್ಟ ಮನೆ ಕೊಳ್ಳಬೇಕು ಅಂತಿದ್ದರು. ಅದರಲ್ಲಿ ಹಾಯಿಹಡಗಿನ ಚಿತ್ರವಿದ್ದ ಒಂದು ಬೆಳ್ಳಿ ನಾಣ್ಯ ಇತ್ತು ಅಪ್ಪಾ! ತಿಕ್ಕಿಲ್ಲ, ತೊಳೆದಿಲ್ಲ, ಯಾರ ಜೇಬಿಗೂ ಬಿದ್ದಿಲ್ಲ. ಭೂತಗನ್ನಡಿ ಹಿಡಿದರೆ ಹಾಯಿಯ ಹಗ್ಗಗಳು ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತಿದ್ದವು. ನಿನ್ನೆ ತಾನೇ ಟಂಕಸಾಲೆಯಿಂದ ಬಂದ ಹಾಗೆ.

ಹರಾಜು ಶುರುವಾಗೋ ಮುಂಚೆ ಆ ದಪ್ಪ ಕನ್ನಡಕದ ವ್ಯಾಪಾರಿ ಸೋಡಾಬುಡ್ಡಿ ನನ್ನನ್ನು ಕ್ಯಾಂಟೀನಿಗೆ ಕರೆದ. ಉಳಿದ ನಾಣ್ಯದ ವ್ಯಾಪಾರಿಗಳೂ ಅಲ್ಲೇ ಇದ್ದರು. "ನಮ್ಮ ನಮ್ಮಲ್ಲೇ ಪೈಪೋಟಿ ಯಾಕಮ್ಮಾ? ಒಬ್ಬರೇ ಕೂಗಿ ಅಗ್ಗಕ್ಕೆ ತಗೊಳ್ಳೋಣ, ಆಮೇಲೆ ಹಂಚಿಕೊಳ್ಳೋಣ. ನೀನು ಕೈ ಕಟ್ಟಿ ಕೂತರೆ ಸಾಕು, ನಿನ್ನ ಪಾಲು ನಿನಗೆ ಬರುತ್ತೆ" ಅಂದ. ನಾನು "ನೋಡ್ತೀನಿ" ಅಂದು ಎದ್ದು ಬಂದೆ. ಅಷ್ಟು ಜನ ಹಿರಿಯರೆದುರು ಬೇಡ ಅನ್ನೋಕೆ ಬಾಯಿ ಬರಲಿಲ್ಲ, ನಿಜ.

ಹರಾಜಿನ ಹಾಲ್‌ನಲ್ಲಿ ಗಡಿಯಾರದವರ ಹೆಂಡತಿ ಕೈಚೀಲ ತೊಡೆ ಮೇಲಿಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದರು, ನಾನು ಅವರ ಪಕ್ಕದಲ್ಲೇ. ಒಂದೊಂದು ನಾಣ್ಯವೂ ಮೊದಲ ಕೂಗಿಗೇ ಹೋಗುತ್ತಿತ್ತು, ಎದುರು ಕೂಗೇ ಇಲ್ಲ. ಆಕೆ ನನ್ನ ಕಡೆ ಬಾಗಿ, "ಇವಕ್ಕೆ ಇಷ್ಟೇನಾ ಬೆಲೆ? ತುಂಬಾ ಬೆಲೆಬಾಳ್ತವೆ ಅಂತಿದ್ದರು ನಮ್ಮನೆಯವರು, ಸುಳ್ಳು ಹೇಳೋರಲ್ಲ ಕಣಮ್ಮಾ" ಅಂದರು. ಸತ್ತ ಗಂಡನ ಮಾತಿನ ಮೇಲೇ ಆಕೆಗೆ ಅನುಮಾನ ಬರೋ ಹಾಗೆ ಮಾಡಿದ್ದರಲ್ಲ ಅಪ್ಪಾ, ಅದು ನನಗೆ ತಡೆಯಲಿಲ್ಲ. ಹಡಗಿನ ನಾಣ್ಯ ಬಂದಾಗ ಕೈ ಎತ್ತಿದೆ. ಸೋಡಾಬುಡ್ಡಿ ಕುರ್ಚಿ ಸಮೇತ ತಿರುಗಿದ. ಅವನು ಏರಿಸಿದ, ನಾನೂ ಏರಿಸಿದೆ. ಎತ್ತಿದ ಕೈ ಇಳಿಸಲೇ ಇಲ್ಲ. ಕೊನೆಗೆ ಸುತ್ತಿಗೆ ನನ್ನ ಕೂಗಿಗೇ ಬಿತ್ತು. ವ್ಯಾಪಾರಿಗಳು ಸುಮ್ಮನಿದ್ದದ್ದು ನೋಡಿ ನಾಣ್ಯಗಳಲ್ಲೇ ಏನೋ ದೋಷ ಇದೆ ಅಂದುಕೊಂಡಿದ್ದ ಹಲ್ಲಿನ ಡಾಕ್ಟರೊಬ್ಬರು ಆಮೇಲೆ ಕೂಗೋಕೆ ಶುರು ಮಾಡಿದರು. ಅವರನ್ನು ನೋಡಿ ಇನ್ನಿಬ್ಬರು. ಉಳಿದವೆಲ್ಲ ಒಳ್ಳೇ ಬೆಲೆಗೇ ಹೋದವು. ಆಕೆ ಹೋಗುವಾಗ ನನ್ನ ಕೈ ಹಿಡಿದು ಒಂದು ಸಲ ಅದುಮಿದರು.

ನಾಣ್ಯ ಈಗ ಆ ಡಾಕ್ಟರ ಹತ್ತಿರ ಇದೆ, ಮರುದಿನವೇ ಅಂಗಡಿಗೆ ಬಂದು ಕೊಂಡರು. ನಾನೆಷ್ಟಕ್ಕೆ ಕೊಂಡೆ ಅಂತ ಕಣ್ಣಾರೆ ನೋಡಿದವರು, ಹೆಚ್ಚು ಕೇಳೋಕೆ ನನಗೆ ಬಾಯೆಲ್ಲಿದೆ! ಲಾಭ ಬೆರಳಿಗೆ ಅಂಟಿದಷ್ಟು. ಆದರೆ ಇನ್ನು ಮೇಲೆ ಅವರ ಪರವಾಗಿ ಕೂಗೋದು, ಆರಿಸಿ ಕೊಡೋದು ಎಲ್ಲ ನನ್ನದೇ ಕೆಲಸ. ಸೋಡಾಬುಡ್ಡಿ "ನಿನ್ನ ಅಂಗಡಿ ಮೆಟ್ಟಿಲು ನಮ್ಮಲ್ಲಿ ಯಾರೂ ಹತ್ತೋಲ್ಲ" ಅಂತ ಹೇಳಿ ಕಳಿಸಿದ್ದಾನೆ. ಹತ್ತದಿದ್ದರೆ ಬೇಡ. ಗಿರಾಕಿಗಳು ಹತ್ತಿದರೆ ಸಾಕು.

ಅಕ್ಕ, ಭಾವನಿಗೆ ನನ್ನ ನೆನಪು ಹೇಳಿ. ಬಿಸಿಲಿಗೆ ಕನ್ನಡಕವಿಲ್ಲದೆ ಹೊರಗೆ ಹೋಗಬೇಡಿ.

ನಿಮ್ಮ
ಚಿಕ್ಕವಳು

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯೋಕೆ ಮನಸ್ಸು ಬರಲಿಲ್ಲ. ಅವತ್ತು ಹರಾಜಿನ ಹಾಲ್ ಬಾಗಿಲಲ್ಲಿ ಸೋಡಾಬುಡ್ಡಿ ಎಲ್ಲರೆದುರು, "ನಿಮ್ಮಪ್ಪ ಇಷ್ಟು ವರ್ಷ ನಮ್ಮ ಜೊತೆ ಪಾಲು ತಗೊಂಡಾಗ ಈ ನ್ಯಾಯ ಎಲ್ಲಿತ್ತು?" ಅಂತ ಕೇಳಿದ. ನಾನು ನಾಣ್ಯ ಚೀಲಕ್ಕೆ ಹಾಕಿಕೊಂಡು ಹೊರಟು ಬಂದೆ. ಅದು ನಿಜವಾ ಅಂತ ನಿಮ್ಮನ್ನು ಕೇಳೋಲ್ಲ. ಮುಂದಿನ ತಿಂಗಳ ಹರಾಜಿಗೆ ನಾನಂತೂ ಹೋಗ್ತೀನಿ. ಅಷ್ಟರಲ್ಲಿ ನೀವು ಬಂದಿರುತ್ತೀರಿ. ಜೊತೆಗೆ ಬನ್ನಿ ಅಪ್ಪಾ, ನನ್ನ ಪಕ್ಕ ಕೂತುಕೊಳ್ಳಿ. ಮೊದಲ ಎದುರು ಕೂಗು ನೀವೇ ಕೂಗಿ.